ಅರವತ್ತರ ನಂತರ ಅಡುಗೆಯ ಅಕ್ಷರಾಭ್ಯಾಸ

ಈ ತಿಂಗಳು ನಮ್ಮ ಮನೆಯದೇ ಒಂದು ಸಂಗತಿಯನ್ನು ತಮ್ಮ ಮುಂದಿಡಬೇಕೆಂದು ಮನಸ್ಸಾಗಿದೆ. ಹೇಳಿಕೊಳ್ಳಲು ಸ್ವಲ್ಪ ನಾಚಿಕೆಯೂ ಉಂಟು. ಆದರೆ ಇದನ್ನು ಓದಿ ನಾಲ್ಕು ಮನೆಗಳಲ್ಲಿ ನಾಲ್ವರು ಗಂಡಸರು ಅಡುಗೆಮನೆಯ ಹೊಸ್ತಿಲು ದಾಟಿ ಒಳಗೆ ಬಂದರೆ ನಮ್ಮ ನಾಚಿಕೆ ಸಾರ್ಥಕವಾಯಿತೆಂದು ಭಾವಿಸುತ್ತೇವೆ.

2023ರ ಮಳೆಗಾಲದಲ್ಲಿ ನಮ್ಮ ಮನೆಯವರಿಗೆ ಮಂಡಿಯ ಶಸ್ತ್ರಚಿಕಿತ್ಸೆಯಾಯಿತು. ಮಗಳು ಬಂದು ಹತ್ತು ದಿನ ಇದ್ದಳು. ಅವಳಿಗೂ ಮನೆಯುಂಟು, ಮಕ್ಕಳ ಶಾಲೆಯುಂಟು. ಕಣ್ಣೀರು ಒರೆಸಿಕೊಳ್ಳುತ್ತ ಬಸ್ಸು ಹತ್ತಿದಳು. ಮಗ ದೂರದ ಊರಿನಲ್ಲಿ ನೌಕರಿಯಲ್ಲಿದ್ದಾನೆ. ಹೀಗಾಗಿ ಅರವತ್ತೆರಡನೆಯ ವಯಸ್ಸಿನಲ್ಲಿ, ನಿವೃತ್ತಿ ಹೊಂದಿ ಆರಾಮವಾಗಿ ಪತ್ರಿಕೆ ಓದುತ್ತ ಕುಳಿತಿದ್ದ ನಮ್ಮ ಪಾಲಿಗೆ ಅಡುಗೆಮನೆ ಬಂದಿತು. ಚಹ ಕಾಸುವುದೊಂದನ್ನು ಬಿಟ್ಟರೆ ಒಲೆಯ ಮುಂದೆ ನಿಂತ ಅನುಭವ ನಮಗೆ ಇರಲಿಲ್ಲ. ಆದರೂ, ಮೂವತ್ತೈದು ವರ್ಷ ಕಚೇರಿಯ ಲೆಕ್ಕಪತ್ರ ನೋಡಿದವರಿಗೆ ಎರಡು ಹಿಡಿ ಅಕ್ಕಿ ಬೇಯಿಸುವುದು ಯಾವ ಮಹಾ ಕೆಲಸವೆಂಬ ಗರ್ವ ಇದ್ದಿತು.

ಆ ಗರ್ವ ಒಂದೇ ಮಧ್ಯಾಹ್ನದಲ್ಲಿ ಇಳಿಯಿತು. ಅನ್ನ ಗಂಜಿಯಾಯಿತು. ಬೇಳೆ ಕಲ್ಲಿನಂತೆ ಉಳಿಯಿತು. ಒಗ್ಗರಣೆ ಹೊತ್ತಿ ಮನೆಯ ತುಂಬ ಕಮಟು ಹೊಗೆ. ನಮ್ಮ ಮನೆಯವರು ಏನೂ ಅನ್ನಲಿಲ್ಲ. ಆ ಗಂಜಿಗೆ ಮೊಸರು ಹಾಕಿಕೊಂಡು ನಾಲ್ಕು ತುತ್ತು ಉಂಡು ಗುಳಿಗೆ ನುಂಗಿದರು. ರಾತ್ರಿ ನಾವು ಖಾನಾವಳಿಯಿಂದ ಊಟ ತಂದೆವು. ಆ ಖಾರ ಅವರ ಹೊಟ್ಟೆಗೆ ಒಗ್ಗಲಿಲ್ಲ. ಮರುದಿನ ಬ್ರೆಡ್ಡು, ಬಾಳೆಹಣ್ಣು. ಮೂರನೆಯ ದಿನ ಬೆಳಿಗ್ಗೆ ನಾವು ಸ್ನಾನ ಮುಗಿಸಿ ಲಿಂಗಪೂಜೆಗೆ ಕುಳಿತಿದ್ದಾಗ ಒಳಗೆ ಏನೋ ಬಿದ್ದ ಸಪ್ಪಳವಾಯಿತು. ಓಡಿ ಹೋಗಿ ನೋಡಿದರೆ, ವೈದ್ಯರು ಒಬ್ಬರೇ ಏಳಕೂಡದೆಂದು ಹೇಳಿದ್ದರೂ, ಅವರು ವಾಕರ್ ಹಿಡಿದುಕೊಂಡು ಅಡುಗೆಮನೆಯವರೆಗೆ ನಡೆದು ಬಂದಿದ್ದರು. ಹೊಸ್ತಿಲಿಗೆ ವಾಕರ್ ತಾಗಿ ವಾಲಿ, ಬಾಗಿಲ ಚೌಕಟ್ಟನ್ನು ಎರಡೂ ಕೈಗಳಿಂದ ತಬ್ಬಿ ನಿಂತಿದ್ದರು. ಕೆಳಗೆ ಬಿದ್ದದ್ದು ಪುಣ್ಯಕ್ಕೆ ಒಂದು ಬೋಗುಣಿ ಮಾತ್ರ.

"ನಿಮಗ ಒಂದೀಟು ಅನ್ನ-ಸಾರು ಮಾಡಿ ಇಟ್ಟರಾತು ಅಂತ ಬಂದೆ ರೀ" ಎಂದರು.

ಬಂಧುಗಳೇ, ಆ ಮಾತು ನಮ್ಮನ್ನು ಇಂದಿಗೂ ಚುಚ್ಚುತ್ತದೆ. ಹೊಲಿಗೆ ಬಿಚ್ಚದ ಕಾಲನ್ನು ಎಳೆದುಕೊಂಡು ಅವರು ಬಂದದ್ದು ತಮ್ಮ ಹಸಿವಿಗಲ್ಲ, ನಮ್ಮ ಹಸಿವಿಗೆ. ನಮ್ಮ ಅಜ್ಞಾನ ಅವರ ಕಾಲಿಗೆ ಮಾತ್ರವಲ್ಲ, ಜೀವಕ್ಕೇ ಕುತ್ತಾಗುವುದು ಕೂದಲೆಳೆಯಲ್ಲಿ ತಪ್ಪಿತು. ಅಂದೇ ಅವರ ಕುರ್ಚಿಯನ್ನು ಅಡುಗೆಮನೆಯ ಬಾಗಿಲಿಗೆ ಹಾಕಿದೆವು. "ನೀ ಇಲ್ಲಿ ಕುಂತು ಹೇಳು. ನಾ ಮಾಡ್ತೀನಿ" ಎಂದೆವು. ಅಂದಿನಿಂದ ಅವರು ಗುರು, ನಾವು ಶಿಷ್ಯ.

ಕಾಯಕದಲ್ಲಿ ಮೇಲು ಕೀಳಿಲ್ಲವೆಂದು ವೇದಿಕೆಯ ಮೇಲೆ ನಿಂತು ಎಷ್ಟೋ ಸಲ ಮಾತನಾಡಿದ್ದೇವೆ. ಆದರೆ ಅಡುಗೆಯ ಕಾಯಕವನ್ನು ಮನೆಯ ಹೆಣ್ಣುಮಕ್ಕಳಿಗೇ ಮೀಸಲಿಟ್ಟು, ಉಪ್ಪು ಹೆಚ್ಚಾಯಿತು, ಹುಳಿ ಕಡಿಮೆಯಾಯಿತು ಎಂದು ತೀರ್ಪು ಕೊಡುವ ಕೆಲಸವನ್ನಷ್ಟೇ ನಾವು ಇಟ್ಟುಕೊಂಡಿದ್ದೆವು. ಮಠಗಳ ದಾಸೋಹಕ್ಕೆ ಹೋದಾಗ ಗಂಡಸರೇ ದೊಡ್ಡ ಕೊಪ್ಪರಿಗೆಗಳಲ್ಲಿ ಅನ್ನ ಬೇಯಿಸಿ, ಸಾರು ಕಾಸಿ, ಬಗ್ಗಿ ಬಡಿಸುವುದನ್ನು ಕಂಡು ಕೈಮುಗಿಯುತ್ತೇವೆ. ತುಮಕೂರಿನ ಸಿದ್ಧಗಂಗಾ ಮಠದಲ್ಲಿ ಸಾವಿರಾರು ವಿದ್ಯಾರ್ಥಿಗಳು ದಿನವೂ ಪ್ರಸಾದ ಸ್ವೀಕರಿಸುವುದನ್ನು ಕಂಡು ಹೆಮ್ಮೆಪಡುತ್ತೇವೆ. ಅಲ್ಲಿ ಪವಿತ್ರವೆನಿಸಿದ ಸೌಟು ನಮ್ಮ ಮನೆಯಲ್ಲಿ ಗಂಡಸಿಗೆ ಅಗೌರವದ ವಸ್ತುವಾಗುವುದು ಹೇಗೆ?

ನಮ್ಮ ಹಿರಿಯರಲ್ಲಿ ಈ ಸಂಕೋಚ ಇದ್ದಂತೆ ಕಾಣುವುದಿಲ್ಲ. ಒಳ್ಳೆಯ ಅಡುಗೆಗೆ ನಳಪಾಕ, ಭೀಮಪಾಕವೆಂದೇ ಹೆಸರು. 11ನೆಯ ಶತಮಾನದ ಎರಡನೆಯ ಚಾವುಂಡರಾಯನು 'ಲೋಕೋಪಕಾರ'ದಲ್ಲಿ ಅಡುಗೆಗೂ ಸ್ಥಾನ ಕೊಟ್ಟಿದ್ದಾನೆ. 16ನೆಯ ಶತಮಾನದ ಮೂರನೆಯ ಮಂಗರಸನು 'ಸೂಪಶಾಸ್ತ್ರ'ವೆಂಬ ಪಾಕಗ್ರಂಥವನ್ನೇ ಕನ್ನಡದಲ್ಲಿ ರಚಿಸಿದ್ದಾನೆ. ಅದರಲ್ಲಿರುವುದು ಸಸ್ಯಾಹಾರದ ಅಡುಗೆ. ಅವರು ನಾಚಲಿಲ್ಲವೆಂದ ಮೇಲೆ ನಮಗೇತಕ್ಕೆ?

ಇನ್ನು ನಾವು ಕಲಿತ ಪಾಠಗಳನ್ನು ಕಲಿತ ಕ್ರಮದಲ್ಲಿಯೇ ಹೇಳುತ್ತೇವೆ. ಮನೆಬಿಟ್ಟು ನೌಕರಿಗೆ ಹೋಗುವ ಮಕ್ಕಳಿಗೂ, ಹೊಸದಾಗಿ ಸಂಸಾರ ಹೂಡಿದವರಿಗೂ, ನಮ್ಮಂತೆ ತಡವಾಗಿ ಎಚ್ಚರವಾದವರಿಗೂ ಇದು ಉಪಯೋಗವಾದೀತು.

ಮೊದಲ ಪಾಠ ಅಳತೆ. ನಾವು ಅಕ್ಕಿಗೆ ನೀರು ಹಾಕುತ್ತಿದ್ದಾಗ ಕುರ್ಚಿಯಿಂದ ಪ್ರಶ್ನೆ ಬಂದಿತು: "ಎಷ್ಟು ನೀರ್ ಹಾಕೀರ್ರಿ?"

"ಅಂದಾಜಿಗೆ ಹಾಕೇನಿ" ಎಂದೆವು.

"ಅಂದಾಜು ಅನ್ನೂದು ಮೂವತ್ತು ವರ್ಷ ಅಡಿಗಿ ಮಾಡಿದ ಮ್ಯಾಲ ಬರತೈತ್ರಿ. ಈಗ ನೀವು ವಾಟಿ ಹಿಡೀರಿ."

ಅಂದಿನಿಂದ ಒಂದೇ ವಾಟಿಯನ್ನು ಅಳತೆಗೆಂದು ಬೇರೆ ಇಟ್ಟೆವು. ಇಬ್ಬರಿಗೆ ಒಂದು ವಾಟಿ ಅಕ್ಕಿ ಸಾಕು. ಎರಡು ಸಲ ತೊಳೆದು, ಹದಿನೈದು ನಿಮಿಷ ನೆನೆಯಿಟ್ಟು, ಎರಡು ವಾಟಿ ನೀರು ಹಾಕಬೇಕು. ಅಕ್ಕಿ ಹಳೆಯದಾದರೆ ಇನ್ನರ್ಧ ವಾಟಿ ನೀರು ಹೆಚ್ಚು ಬೇಡುತ್ತದೆ. ಹೊಸ ಅಕ್ಕಿಗೆ ಸ್ವಲ್ಪ ಕಡಿಮೆ. ನಮ್ಮ ಮೊದಲ ದಿನದ ಗಂಜಿಯ ಗುಟ್ಟು ಇದೇ: ಹೊಸ ಅಕ್ಕಿ, ಕೈಗೆ ಬಂದಷ್ಟು ನೀರು.

ಎರಡನೆಯದು ಬೇಳೆ. ಅರ್ಧ ವಾಟಿ ತೊಗರಿಬೇಳೆಯನ್ನು ತೊಳೆದು ಅರ್ಧ ಗಂಟೆ ನೆನೆಯಿಟ್ಟು, ಒಂದೂವರೆ ವಾಟಿ ನೀರು, ಚಿಟಿಕೆ ಅರಿಶಿನ, ನಾಲ್ಕು ಹನಿ ಎಣ್ಣೆ ಹಾಕಬೇಕು. ಎಣ್ಣೆಯಿಂದ ನೊರೆಯುಕ್ಕುವುದು ತಗ್ಗುತ್ತದೆ. ಉಪ್ಪು, ಹುಣಸೆಹುಳಿಗಳನ್ನು ಬೇಳೆ ಬೆಂದ ಮೇಲೆಯೇ ಹಾಕತಕ್ಕದ್ದು. ಹುಳಿ ಮೊದಲೇ ಬಿದ್ದರೆ ಬೇಳೆ ಮೆತ್ತಗಾಗುವುದಿಲ್ಲ. ನಾವು ಮೊದಲ ದಿನ ಬುದ್ಧಿವಂತಿಕೆಯಿಂದ ಎಲ್ಲವನ್ನೂ ಒಟ್ಟಿಗೆ ಹಾಕಿದ್ದೆವು! ಕುಕ್ಕರಿನ ತಳದಲ್ಲಿ ನೀರು ಹಾಕಿ, ಬೇಳೆಯ ಪಾತ್ರೆ ಕೆಳಗೆ, ಅಕ್ಕಿಯ ಪಾತ್ರೆ ಮೇಲೆ ಇಟ್ಟರೆ ನಾಲ್ಕು ಸೀಟಿಗೆ ಎರಡೂ ಆಗುತ್ತವೆ. ನಮ್ಮ ಕಡೆ ಕಲಬುರ್ಗಿಯ ತೊಗರಿಗೆ ವಿಶೇಷ ಹೆಸರು. 2019ರಲ್ಲಿ ಅದಕ್ಕೆ ಭೌಗೋಳಿಕ ಗುರುತಿನ ಮಾನ್ಯತೆಯೂ ದೊರೆತಿದೆ.

ಮೂರನೆಯದು ಸಾರು. ಅಡಿಕೆ ಗಾತ್ರದ ಹುಣಸೆಹಣ್ಣು ನೆನೆಸಿ ಹಿಂಡಿದ ರಸ, ಹೆಚ್ಚಿದ ಒಂದು ಟೊಮೆಟೊ, ಒಂದು ಚಮಚ ಸಾರಿನ ಪುಡಿ, ಚೂರು ಬೆಲ್ಲ, ಅಳತೆಯ ಉಪ್ಪು, ಎರಡು ವಾಟಿ ನೀರು. ಪುಡಿಯ ಹಸಿವಾಸನೆ ಹೋಗುವವರೆಗೆ ಇದನ್ನು ಕುದಿಸಿ, ಆಮೇಲೆ ಕಡೆದ ಬೇಳೆಯನ್ನು ಸೇರಿಸಿ ಮತ್ತೊಂದು ಕುದಿ ಬರಿಸಬೇಕು. ಒಗ್ಗರಣೆಗೆ ಒಂದು ಕ್ರಮವುಂಟು: ಎಣ್ಣೆ ಕಾದ ಮೇಲೆ ಸಾಸಿವೆ, ಅದು ಚಟಪಟನೆ ಸಿಡಿದು ನಿಂತ ಮೇಲೆ ಉರಿ ತಗ್ಗಿಸಿ ಜೀರಿಗೆ, ಬಳಿಕ ಜಜ್ಜಿದ ಬೆಳ್ಳುಳ್ಳಿ, ಒಣಮೆಣಸಿನಕಾಯಿ, ಕರಿಬೇವು, ಕಡೆಗೆ ಇಂಗು. ಬ್ಯಾಡಗಿ ಮೆಣಸಿನಕಾಯಿಯಾದರೆ ಬಣ್ಣ ಹೆಚ್ಚು, ಖಾರ ಕಡಿಮೆ. ಕರಿಬೇವು ತೊಳೆದದ್ದಾದರೆ ನೀರೊರೆಸಿಯೇ ಹಾಕಿರಿ; ಎಣ್ಣೆ ಮುಖಕ್ಕೆ ಸಿಡಿದ ಅನುಭವದಿಂದ ಹೇಳುತ್ತಿದ್ದೇವೆ.

ನಾಲ್ಕನೆಯದು ಕಾಳಿನ ಪಲ್ಯ. ಅರ್ಧ ವಾಟಿ ಹೆಸರುಕಾಳನ್ನು ರಾತ್ರಿ ನೆನೆಯಿಟ್ಟು, ಬೆಳಿಗ್ಗೆ ನೀರು ಬಸಿದು ಒದ್ದೆ ಬಟ್ಟೆಯಲ್ಲಿ ಕಟ್ಟಿಟ್ಟರೆ ಒಂದು ದಿನದಲ್ಲಿ ಮೊಳಕೆಯೊಡೆಯುತ್ತದೆ. ಮಡಿಕೆಕಾಳನ್ನೂ ಹೀಗೆಯೇ ಮಾಡಬಹುದು. ಒಗ್ಗರಣೆಯಲ್ಲಿ ಈರುಳ್ಳಿಯನ್ನು ಬಾಡಿಸಿ, ಕಾಳು ಹಾಕಿ, ಅದು ಮುಳುಗುವಷ್ಟು ನೀರು ಸುರಿದು, ಮುಚ್ಚಿ ಸಣ್ಣ ಉರಿಯಲ್ಲಿ ಬೇಯಿಸಬೇಕು. ಕಾಳನ್ನು ಎರಡು ಬೆರಳುಗಳ ನಡುವೆ ಹಿಸುಕಿದರೆ ಮಣಿಯಬೇಕು, ಆದರೆ ಒಡೆದು ಹಿಟ್ಟಾಗಬಾರದು. ಆಗ ಖಾರದಪುಡಿ, ಉಪ್ಪು, ಸ್ವಲ್ಪ ಶೇಂಗಾ ಪುಡಿ ಹಾಕಿ ಇಳಿಸಿ, ಮೇಲೆ ನಿಂಬೆರಸ ಹಿಂಡಬೇಕು.

ಐದನೆಯದು ಒಲೆಯೇ ಬೇಡದ ಅಡುಗೆ. ಹೆಸರುಬೇಳೆಯನ್ನು ಒಂದು ಗಂಟೆ ನೆನೆಸಿ, ಹೆಚ್ಚಿದ ಸೌತೆಕಾಯಿ, ಕೊತ್ತಂಬರಿ, ನಿಂಬೆರಸ ಬೆರೆಸಿದರೆ ಕೋಸಂಬರಿ. ಎಳೆಯ ಮೆಂತ್ಯಸೊಪ್ಪು, ಈರುಳ್ಳಿ, ಸೌತೆಕಾಯಿಗಳಿಗೆ ಶೇಂಗಾ ಪುಡಿ ಕೂಡಿಸಿದರೆ ಪಚಡಿ. ಎರಡಕ್ಕೂ ಉಪ್ಪನ್ನು ಊಟಕ್ಕೆ ಕೂಡುವಾಗಲೇ ಹಾಕಬೇಕು. ಮೊದಲೇ ಹಾಕಿದರೆ ನೀರು ಬಿಟ್ಟುಕೊಳ್ಳುತ್ತದೆ. ಮೊದಲ ವಾರ ಈ ಐದೇ ಸಾಕು. ಹತ್ತು ಬಗೆ ಕಲಿಯಲು ಹೋಗಿ ಒಂದೂ ಕೈಹತ್ತದಿರುವುದಕ್ಕಿಂತ ಐದನ್ನು ಹದವಾಗಿ ಮಾಡುವುದು ಲೇಸು.

ಇನ್ನು ರೊಟ್ಟಿ. ನಮ್ಮ ಕಡೆಯ ಊಟವೆಂದರೆ ಜೋಳದ ರೊಟ್ಟಿಯೇ. ಆದರೆ ರೊಟ್ಟಿಯಿಂದ ಅಡುಗೆ ಕಲಿಯಲು ಹೊರಡುವುದು ಓಂ ಬರೆಯುವ ಮೊದಲೇ ಕಾವ್ಯ ಬರೆಯಲು ಹೊರಟಂತೆ. ಗೋಧಿಹಿಟ್ಟಿಗೆ ಇರುವಂಥ ಅಂಟು ಜೋಳದ ಹಿಟ್ಟಿಗಿಲ್ಲ. ಆದ್ದರಿಂದಲೇ ಕುದಿಯುವ ಎಸರು ಬೇಕು. ಬಿಸಿನೀರಿಗೆ ಹಿಟ್ಟಿನ ಪಿಷ್ಟ ಅರಳಿ ಜಿಗಿ ಬರುತ್ತದೆ. ಹಿಟ್ಟು ಗಿರಣಿಯಿಂದ ಹೊಸದಾಗಿ ಬಂದದ್ದಿರಬೇಕು. ಹಳತಾದಷ್ಟೂ ರೊಟ್ಟಿ ಹರಿಯುತ್ತದೆ. ಚೆನ್ನಾಗಿ ನಾದಿದ ಮುದ್ದೆಯನ್ನು ಬಡಿದು, ಹಂಚಿನ ಮೇಲೆ ಹಾಕಿದೊಡನೆ ಮೇಲ್ಭಾಗಕ್ಕೆ ನೀರು ಸವರಿ, ಅದು ಆರಿದ ಮೇಲೆ ತಿರುವಿಹಾಕಬೇಕು. ನಮ್ಮ ಮೊದಲ ರೊಟ್ಟಿ ಹಂಚು ಮುಟ್ಟುವ ಮುನ್ನವೇ ಮೂರು ತುಂಡಾಯಿತು. ಕುರ್ಚಿಯ ಮೇಲಿದ್ದವರು ಶಸ್ತ್ರಚಿಕಿತ್ಸೆಯಾದ ಮೇಲೆ ಮೊದಲ ಸಲ ಬಾಯ್ತುಂಬ ನಕ್ಕದ್ದು ಅಂದೇ. ಓಣಿಯ ತಾಯಂದಿರು ಮಾಡಿ ಮಾರುವ ಖಡಕ್ ರೊಟ್ಟಿ ತಂದಿಟ್ಟುಕೊಂಡು ಎರಡು ತಿಂಗಳು ಸಾಗಿಸಿದೆವು. ತೇವ ತಾಗದಂತೆ ಇಟ್ಟರೆ ಅವು ವಾರಗಟ್ಟಲೆ ಕೆಡುವುದಿಲ್ಲ. ವಿಶ್ವಸಂಸ್ಥೆಯು 2023ನ್ನು ಅಂತಾರಾಷ್ಟ್ರೀಯ ಸಿರಿಧಾನ್ಯ ವರ್ಷವೆಂದು ಸಾರಿದಾಗ ನಗರದವರಿಗೆ ಜೋಳ ಹೊಸದಾಗಿ ನೆನಪಾಯಿತು. ನಮ್ಮ ಅಜ್ಜಿಯಂದಿರಿಗೆ ಅದು ಎಂದೂ ಮರೆತಿರಲಿಲ್ಲ.

ಸಸ್ಯಾಹಾರದಲ್ಲಿ ಶಕ್ತಿ ಬರುವುದೇ ಎಂದು ಕೇಳುವವರಿದ್ದಾರೆ. ಜೋಳ, ಅಕ್ಕಿ, ಗೋಧಿಗಳ ಸಸಾರಜನಕದಲ್ಲಿ ಲೈಸಿನ್ ಎಂಬ ಅಂಶ ಕಡಿಮೆ. ಅದು ಬೇಳೆಕಾಳುಗಳಲ್ಲಿ ಹೇರಳ. ಕಾಳುಗಳಲ್ಲಿ ಕೊರತೆಯಿರುವ ಮೆಥಿಯೊನಿನ್ ಎಂಬ ಅಂಶ ಧಾನ್ಯಗಳಲ್ಲಿ ಉಂಟು. ರೊಟ್ಟಿಗೆ ಕಾಳಿನ ಪಲ್ಯ, ಅನ್ನಕ್ಕೆ ಬೇಳೆ ಸಾರು ಎಂಬ ನಮ್ಮ ಜೋಡಿಗಳು ಒಂದರ ಕೊರತೆಯನ್ನು ಮತ್ತೊಂದು ತುಂಬುತ್ತವೆ. ಕಾಳು, ಸೊಪ್ಪುಗಳ ಕಬ್ಬಿಣಾಂಶ ಮೈಗೆ ಹತ್ತಲು ನಿಂಬೆಯಲ್ಲಿರುವ ಸಿ ಜೀವಸತ್ವ ನೆರವಾಗುತ್ತದೆ. ಊಟದ ಬೆನ್ನಿಗೇ ಕುಡಿಯುವ ಚಹ ಅದಕ್ಕೆ ಅಡ್ಡಿಯಾಗುತ್ತದೆ. ಬಿ-12 ಜೀವಸತ್ವ ಮಾತ್ರ ಕಾಳು, ಕಾಯಿಪಲ್ಲೆಗಳಲ್ಲಿ ದೊರೆಯುವುದಿಲ್ಲ. ಹಾಲು, ಮೊಸರು, ಮಜ್ಜಿಗೆಗಳನ್ನು ಬಿಡಕೂಡದು. ವಯಸ್ಸಾದವರು ಕೈಕಾಲು ಜೋಮು, ನಿಶ್ಶಕ್ತಿ ಕಂಡರೆ ವೈದ್ಯರನ್ನು ಕೇಳಬೇಕು. ಉಪ್ಪು ಒಬ್ಬರಿಗೆ ದಿನವೊಂದಕ್ಕೆ 5 ಗ್ರಾಂ, ಅಂದರೆ ಒಂದು ಸಣ್ಣ ಚಮಚ, ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಉಪ್ಪಿನಕಾಯಿ, ಹಪ್ಪಳ, ಚಟ್ನಿಪುಡಿಗಳ ಉಪ್ಪೂ ಈ ಲೆಕ್ಕದಲ್ಲಿಯೇ ಸೇರಿದೆ.

ಎಚ್ಚರಿಕೆಯ ಮಾತೂ ಅಗತ್ಯ. ಕುಕ್ಕರಿನ ಮೂರರಲ್ಲಿ ಎರಡು ಪಾಲಿಗಿಂತ ಹೆಚ್ಚು ತುಂಬಬಾರದು. ಬೇಳೆಕಾಳನ್ನು ಕುಕ್ಕರಿನೊಳಗೆ ನೇರವಾಗಿ ಹಾಕಿ ಬೇಯಿಸುವುದಾದರೆ ಅರ್ಧ ಮಾತ್ರ. ಪ್ರತಿಸಲವೂ ಆವಿ ಹೋಗುವ ಕೊಳವೆಯನ್ನು ಬೆಳಕಿಗೆ ಹಿಡಿದು, ರಂಧ್ರ ಕಟ್ಟಿಲ್ಲವೆಂದು ನೋಡಬೇಕು. ಒಲೆ ಆರಿಸಿದ ಮೇಲೆ ಒತ್ತಡ ತಾನಾಗಿ ಇಳಿಯುವವರೆಗೆ ಮುಚ್ಚಳಕ್ಕೆ ಕೈ ಹಚ್ಚಬಾರದು. ಅಡುಗೆ ಅನಿಲ ಗಾಳಿಗಿಂತ ಭಾರವಾದದ್ದು, ಸೋರಿದರೆ ನೆಲದ ಮೇಲೆ ಹರಡಿಕೊಳ್ಳುತ್ತದೆ. ವಾಸನೆ ಬಂದರೆ ವಿದ್ಯುತ್ತಿನ ಗುಂಡಿಯನ್ನು ಹಾಕಲೂಬಾರದು, ಆರಿಸಲೂಬಾರದು. ರೆಗ್ಯುಲೇಟರ್ ಮುಚ್ಚಿ, ಕಿಟಕಿ ಬಾಗಿಲು ತೆರೆದು, ಹೊರಗೆ ಬಂದು 1906ಕ್ಕೆ ಫೋನ್ ಮಾಡಬೇಕು. ಮಿಕ್ಕ ಅನ್ನವನ್ನು ಹೊರಗೇ ಇಡದೆ ಬೇಗ ಆರಿಸಿ ಫ್ರಿಜ್ಜಿನಲ್ಲಿಡಬೇಕು. ಎಲ್ಲಕ್ಕಿಂತ ಮೇಲು, ಮಿಗದಂತೆ ಅಳೆದು ಮಾಡುವುದು. ತಟ್ಟೆಯಲ್ಲಿ ಅಗುಳು ಬಿಡದಿರುವುದು ಪ್ರಸಾದಕ್ಕೆ ನಾವು ಸಲ್ಲಿಸುವ ಮರ್ಯಾದೆ ಎಂಬುದರ ಅರ್ಥ, ನಾವೇ ಅಕ್ಕಿ ತೊಳೆದು ಬೇಯಿಸಿದ ಮೇಲೆ ನಮಗೆ ಚೆನ್ನಾಗಿ ತಿಳಿಯಿತು.

ತಿಳಿದದ್ದು ಇನ್ನೂ ಒಂದುಂಟು. ಒಂದು ಮಧ್ಯಾಹ್ನ ಅವರಿಗೆ ಬಡಿಸಿ, ಪಾತ್ರೆ ಒರೆಸಿ, ಒಲೆಯ ಕಟ್ಟೆ ತೊಳೆದು ನಾವು ತಟ್ಟೆಯ ಮುಂದೆ ಕುಳಿತಾಗ ಅನ್ನ ಆರಿ ತಣ್ಣಗಾಗಿತ್ತು. ಪಲ್ಯ ಒಂದೇ ಚಮಚ ಉಳಿದಿತ್ತು. "ಇಷ್ಟು ವರ್ಷ ನೀನೂ ಹಿಂಗ ತಣ್ಣಂದು ಉಂಡೀ ಏನು?" ಎಂದು ಕೇಳಿದೆವು.

"ರೂಢಿ ಆಗಿ ಹೋಗೈತ್ರಿ" ಎಂದರು. ಅದರಲ್ಲಿ ದೂರು ಇರಲಿಲ್ಲ. ದೂರು ಇದ್ದಿದ್ದರೆ ನಮಗೆ ಉತ್ತರ ಕೊಡುವುದು ಸುಲಭವಾಗುತ್ತಿತ್ತು.

ಬಂಧುಗಳೇ, ನಮ್ಮ ಮನೆಯವರು ಈಗ ಕೋಲಿನ ಹಂಗಿಲ್ಲದೆ ನಡೆಯುತ್ತಾರೆ. ಆದರೂ ಬೆಳಗಿನ ಅಡುಗೆ ಅವರದು, ರಾತ್ರಿಯದು ನಮ್ಮದು ಎಂಬ ಒಪ್ಪಂದವಾಗಿದೆ. ಯಾರೇ ಮಾಡಿದರೂ ಇಬ್ಬರೂ ಕೂಡಿಯೇ, ಬಿಸಿಯಿರುವಾಗಲೇ ಉಣ್ಣುತ್ತೇವೆ. 2023ರ ದೀಪಾವಳಿಗೆ ಮಗ ಬಂದಾಗ ಅವನನ್ನೂ ಒಲೆಯ ಮುಂದೆ ನಿಲ್ಲಿಸಿ ಕೈಗೆ ವಾಟಿ ಕೊಟ್ಟೆವು. ಅದೇ ಹಬ್ಬದಲ್ಲಿ ನಮ್ಮ ಒಂದು ರೊಟ್ಟಿ ಹಂಚಿನ ಮೇಲೆ ಪೂರಾ ಉಬ್ಬಿತು. ಅದನ್ನು ಅವರ ತಟ್ಟೆಗೆ ಹಾಕಿದೆವು. ಅಂಚು ಸ್ವಲ್ಪ ದಪ್ಪವಾಯಿತೆಂದರು. ಆದರೆ ಪೂರ್ತಿ ಉಂಡರು.

ತಾಯಂದಿರಲ್ಲಿ ನಮ್ಮ ವಿನಂತಿ ಇಷ್ಟು: ಮಗಳಿಗೆ ಕಲಿಸುವ ದಿನವೇ ಮಗನಿಗೂ ಕಲಿಸಿರಿ. ಹಿರಿಯರಲ್ಲಿ ಅರಿಕೆ: ಮನೆಯವರು ಹಾಸಿಗೆ ಹಿಡಿಯುವವರೆಗೆ ಕಾಯಬೇಡಿರಿ. ಈ ಭಾನುವಾರ ಒಂದು ವಾಟಿ ಅಕ್ಕಿ, ಅರ್ಧ ವಾಟಿ ಬೇಳೆಯಿಂದ ಪ್ರಾರಂಭಿಸಿರಿ. ಕೆಟ್ಟರೆ ಒಂದು ಹೊತ್ತಿನ ಊಟ ಕೆಟ್ಟೀತು. ಬಾಗಿಲಲ್ಲಿ ಒಂದು ಕುರ್ಚಿ ಹಾಕಿ, ಕಲಿಸಬಲ್ಲವರನ್ನು ಅದರ ಮೇಲೆ ಕೂರಿಸುವುದನ್ನು ಮಾತ್ರ ಮರೆಯಬೇಡಿರಿ.